ಅಡಿವೆಪ್ಪ ಹಿಡಿದ ಹಗ್ಗ

ಬಹಳ ಹಿಂದಿನ ಮಾತು. ಅಜ್ಜನ ಅಜ್ಜನಿಗೆ ಅವನಜ್ಜ ಹೇಳಿದ ಮಾತು. ಕಪ್ಪರಗಟ್ಟಿ ಅಂತ ಒಂದು ಊರು. ಆ ಊರಿಗೊಂದು ನಾಟಕದ ಮನೆ.

ಅರಸರು ಕಟ್ಟಿಸಿದ ಮನೆಯಲ್ಲ ಅದು. ಊರವರೇ ಕಟ್ಟಿದ್ದು. ಇದ್ದವರು ತೊಲೆ ಕೊಟ್ಟರು, ಇಲ್ಲದವರು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಇಪ್ಪತ್ತನಾಲ್ಕು ಸಾಗವಾನಿ ಕಂಬ, ಮೇಲೆ ಹೆಂಚು, ಹೆಂಚಿನ ನಡುವೆ ಏಳು ಬೆಳಕಿಂಡಿ. ಮೊದಲಿದ್ದ ನಾಟಕದ ಮನೆ ದೀಪದ ಕಿಡಿಗೆ ಸುಟ್ಟುಹೋಗಿತ್ತಂತೆ. ಆದ್ದರಿಂದ ಈ ಮನೆಯೊಳಗೆ ದೀಪ ಹಚ್ಚುವಂತಿಲ್ಲ ಅಂತ ಊರೇ ಕಟ್ಟು ಮಾಡಿತು. ನಾಟಕ ಹಗಲಿಗೇ ನಡೆಯಬೇಕು. ಬೆಳಗಿನ ಊಟ ಮುಗಿದ ಮೇಲೆ ಸುರು, ಬೆಳಕಿಂಡಿಯ ಬಿಸಿಲು ಕೊನೆಯ ಕಂಬ ಬಿಟ್ಟು ಹೋಗುವುದರೊಳಗೆ ಮಂಗಳ.

ವರ್ಷಕ್ಕೊಮ್ಮೆ, ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ದ್ಯಾಮವ್ವನ ಹರಕೆಯ ನಾಟಕ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ರಕ್ಕಸ ಬರುತ್ತಾನೆ, ರಾಣಿಯ ಕೂಸನ್ನು ಕೊಲ್ಲುತ್ತಾನೆ. ದೇವಿ ಬರುತ್ತಾಳೆ, ರಕ್ಕಸನನ್ನು ಕೊಲ್ಲುತ್ತಾಳೆ, ಕೂಸನ್ನು ಎಬ್ಬಿಸುತ್ತಾಳೆ. ಗೊತ್ತಿದ್ದೂ ಜನ ಅಳುತ್ತಿದ್ದರು. ಗೊತ್ತಿದ್ದೂ ಹೆಂಗಸರು ತಮ್ಮ ಕೂಸುಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು.

ಆ ನಾಟಕದ ಮನೆಯಲ್ಲಿ ಪರದೆ ಹಿಡಿಯುವವನು ಅಡಿವೆಪ್ಪ.

ಅವನ ಕಸುಬು ಹಗ್ಗ ಹೊಸೆಯುವುದು. ಪುಂಡಿ ನಾರು ನೆನೆಹಾಕಿ, ಬಡಿದು, ತೊಡೆಯ ಮೇಲೆ ಉಜ್ಜಿ ಹೊಸೆದನೆಂದರೆ ಜೋಡಿ ಎತ್ತು ಎಳೆದರೂ ಹರಿಯದ ಹಗ್ಗ. ನಾಟಕದ ಪರದೆಯ ಹಗ್ಗವೂ ಅವನದೇ. ಪರದೆ ಅಂದರೆ ಸಣ್ಣದಲ್ಲ. ಅದರ ಕೆಳತುದಿಗೆ ಇಡೀ ಒಂದು ಮರದ ದಿಂಡು ಕಟ್ಟಿದ್ದರು. ಅದನ್ನು ಮೇಲೆತ್ತಲು ಬೇರೆ ಊರಲ್ಲಿ ನಾಲ್ಕು ಆಳು ಬೇಕು. ಅಡಿವೆಪ್ಪ ಒಬ್ಬನೇ ಎತ್ತುತ್ತಿದ್ದ ಅಂತ ಹೇಳುತ್ತಾರೆ. ಎತ್ತಿದ ಮೇಲೆ ಪಕ್ಕದ ಜಾಲಿಯ ಗೂಟಕ್ಕೆ ಸುತ್ತಿ ಕೂತರೆ ಆಯಿತಲ್ಲ, ಅದನ್ನೂ ಮಾಡುತ್ತಿರಲಿಲ್ಲವಂತೆ. ನಾಟಕ ಮುಗಿಯುವ ತನಕ ಕೈಯಲ್ಲೇ ಹಿಡಿದು ನಿಂತಿರುತ್ತಿದ್ದ. ಕೇಳಿದರೆ, ಕಟ್ಟಿದ ಹಗ್ಗಕ್ಕೆ ಕಣ್ಣಿಲ್ಲ, ಹಿಡಿದ ಹಗ್ಗಕ್ಕೆ ಕಣ್ಣುಂಟು ಅನ್ನುತ್ತಿದ್ದ.

ಅವನು ಹಾಗೆ ಹಿಡಿದು ನಿಲ್ಲುವುದಕ್ಕೆ ಕಾರಣವಿತ್ತು.

ಹಿರಿಯರು ಹೇಳುತ್ತಾರೆ: ನಾಟಕ ನೋಡಲು ಊರವರಷ್ಟೇ ಬರುವುದಿಲ್ಲ. ಬರಬಾರದವನೂ ಒಬ್ಬ ಬರುತ್ತಾನೆ. ಬಂದು ಎಲ್ಲರ ಹಿಂದೆ, ಕೊನೆಯ ಕಂಬಕ್ಕೆ ಒರಗಿ ನಿಲ್ಲುತ್ತಾನೆ. ಅವನ ಹೆಸರು ಎತ್ತುವುದು ಬೇಡ. ಎಲ್ಲರ ಮನೆಗೂ ಒಂದು ದಿನ ಬರುವವನೇ. ಅವನಿಗೆ ಆಟ ಯಾವುದು, ದಿಟ ಯಾವುದು ತಿಳಿಯದು. ಸತ್ತ ಪಾತ್ರ ನೆಲದ ಮೇಲೆ ಮಲಗಿದ್ದನ್ನು ನೋಡುತ್ತಾನೆ, ಕಾಯುತ್ತಾನೆ. ಮಲಗಿದವರು ಏಳುವ ಮೊದಲೇ ಪರದೆ ಬಿದ್ದರೆ, ಇದು ನನ್ನದು ಅಂತ ಎತ್ತಿಕೊಂಡು ಹೋಗುತ್ತಾನೆ.

ಅದಕ್ಕೇ ಕಪ್ಪರಗಟ್ಟಿಯಲ್ಲಿ ಒಂದು ಪದ್ಧತಿ. ಸತ್ತವರು ಏಳುವ ತನಕ ಪರದೆ ಇಳಿಯಬಾರದು. ಮಲಗಿದವರನ್ನು ಪಾತ್ರದ ಹೆಸರಿನಿಂದ ಎಬ್ಬಿಸಬಾರದು; ಮನೆಯಲ್ಲಿ ಉಣ್ಣಲು ಕರೆಯುವ ಹೆಸರಿನಿಂದ ಮೂರು ಸಲ ಕರೆಯಬೇಕು. ಕರೆಯುತ್ತಿದ್ದವನು ಅಡಿವೆಪ್ಪನೇ. ಏಳಪಾ, ಮನಿಗೆ ಹೋಗು, ರೊಟ್ಟಿ ಆರತಾವು ಅನ್ನುತ್ತಿದ್ದ. ಅವರು ಎದ್ದು ಕೂತರು ಅಂದ ಮೇಲೆ ಮಂಗಳ. ಮಂಗಳವಾದ ಮೇಲೆ, ತೊಟ್ಟಿಲಿಗೆ ಕೂಸು ಹಾಕಿದ ಹಾಗೆ ಮೆಲ್ಲಗೆ ಪರದೆ.

ಒಂದು ವರ್ಷ ಅಡಿವೆಪ್ಪನಿಗೆ ಚಳಿಜ್ವರ ಬಂತು. ಹೆಂಡತಿ ಭರಮವ್ವ, ಇವತ್ತೊಂದಿನ ಬ್ಯಾಡ, ಮೈ ಹಂಚಿನಂಗ ಕಾದೈತಿ ಅಂತ ಅಡ್ಡ ನಿಂತಳು. ಅವನು ಕೇಳಲಿಲ್ಲ. ರೊಟ್ಟಿ ಮಾಡಿಡು, ಬಂದು ಉಣತೇನಿ ಅಂತ ಹೇಳಿ ಹೋದ. ನಾಟಕ ನಡೆಯಿತು. ಕೂಸು ಮಲಗಿತು, ರಕ್ಕಸ ಬಿದ್ದ, ದೇವಿ ಹರಸಿದಳು. ಪಕ್ಕದಿಂದ ಅಡಿವೆಪ್ಪನ ದನಿ ಬಂತು. ಮೂರು ಸಲ ಕರೆದ, ಎಲ್ಲರೂ ಎದ್ದರು. ಮಂಗಳವಾಯಿತು, ಪರದೆ ಮೆಲ್ಲಗೆ ಇಳಿಯಿತು. ಆಮೇಲೆ ಹೋಗಿ, ಹಗ್ಗ ಹಿಡಿದು ನಿಂತೇ ಇದ್ದ ಅವನ ಭುಜ ಮುಟ್ಟಿದವರು ಕೈ ಹಿಂದಕ್ಕೆ ತೆಗೆದರು. ಮೈ ಕಲ್ಲಿನ ಹಾಗೆ ತಣ್ಣಗಾಗಿತ್ತು. ನಾಡಿ ಬಲ್ಲವರು ಬಂದು ನೋಡಿ, ಜೀವ ಹೋಗಿ ಎರಡು ತಾಸಾಗಿದೆ ಅಂದರು.

ಎರಡು ತಾಸು! ಹಾಗಾದರೆ ಹಗ್ಗ ಹಿಡಿದವರು ಯಾರು? ಹೆಸರು ಹಿಡಿದು ಕರೆದವರು ಯಾರು?

ಬೆರಳು ಬಿಡಿಸಲು ಬರದೆ ಹಗ್ಗವನ್ನೇ ಕೊಯ್ದು, ಕೈಯಲ್ಲಿದ್ದ ತುಂಡಿನ ಸಮೇತ ಅವನನ್ನು ಮಣ್ಣು ಮಾಡಿದರು. ಗಾಬರಿಯಲ್ಲಿ ಒಂದು ಮರೆತರು. ಎಲ್ಲರನ್ನೂ ಹೆಸರು ಹಿಡಿದು ಕರೆದು ಮನೆಗೆ ಕಳಿಸಿದವನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ನಡು ಮಧ್ಯಾಹ್ನ ಹಗ್ಗ ಕಿರುಗುಟ್ಟುವ ಸಪ್ಪಳ ಕೇಳತೊಡಗಿತು. ಹೊಸದಾಗಿ ಪರದೆ ಹಿಡಿಯಲು ಬಂದ ಶಿದರಾಮ ಸಂಜೆ ಗಂಟು ಹಾಕಿ ಹೋಗುತ್ತಿದ್ದ. ಬೆಳಿಗ್ಗೆ ಬಂದರೆ ಗಂಟು ಬಿಚ್ಚಿರುತ್ತಿತ್ತು. ಹಗ್ಗದ ಮೇಲೆ ಬೆವರಿನ ತೇವ ಇರುತ್ತಿತ್ತಂತೆ. ಮುಟ್ಟಿದರೆ ಬೆಚ್ಚಗೆ, ಈಗಷ್ಟೇ ಯಾರೋ ಕೈ ಬಿಟ್ಟ ಹಾಗೆ.

ಊರು ಹೆದರಿತು. ಹೆದರಿದ ಊರು ಮಾಡುವುದನ್ನೇ ಮಾಡಿತು. ಹೊಳೆಯಾಚೆಯಿಂದ ಮಂತ್ರ ಬಲ್ಲವನೊಬ್ಬನನ್ನು ಕರೆಸಿದರು. ಅವನು ಬೂದಿ ಎರಚಿ, ನಿಂಬೆಹಣ್ಣು ಕೊಯ್ದು, ಜಾಲಿಯ ಗೂಟಕ್ಕೆ ಗೇಣುದ್ದದ ಕಬ್ಬಿಣದ ಮೊಳೆ ಬಡಿದ. ಮೊಳೆ ಇಳಿಯುವಾಗ ಯಾರೋ ನರಳಿದರು ಅನ್ನುತ್ತಾರೆ. ಆಮೇಲೆ ಸಪ್ಪಳ ನಿಂತಿತು. ಪೀಡೆ ಹೋಯಿತು ಅಂತ ಊರು ಉಸಿರು ಬಿಟ್ಟಿತು.

ಆ ವರ್ಷದ ನಾಟಕದಲ್ಲಿ ರಕ್ಕಸನ ಪಾತ್ರ ಕಲ್ಲಿನಾಥನದು. ಕಟ್ಟಾಳು, ಮದುವೆಯಾಗಿ ಎರಡು ವರ್ಷ. ಹೆಂಡತಿ ಗುರುಶಾಂತವ್ವ ಬಸುರಿ, ಮುಂದಿನ ಸಾಲಿನಲ್ಲೇ ಕೂತಿದ್ದಳು. ದೇವಿಯ ತ್ರಿಶೂಲಕ್ಕೆ ಕಲ್ಲಿನಾಥ ಬಿದ್ದ. ಜನ ಕೇಕೆ ಹಾಕಿದರು. ಶಿದರಾಮ ಗೂಟದ ಸುತ್ತು ಸಡಿಲಿಸಲು ಹೋದ. ಹಗ್ಗ ಕೈಯಿಂದ ಜಾರಿತು. ಯಾರೂ ಹೆಸರು ಕರೆದಿರಲಿಲ್ಲ. ಪರದೆ ಧೊಪ್ಪೆಂದು ಬಿತ್ತು.

ಮತ್ತೆ ಎತ್ತಿ ನೋಡಿದಾಗ, ಹಗ್ಗ ಜಾರಿದ ಸಪ್ಪಳಕ್ಕೇ ಬೆಚ್ಚಿ ಎದ್ದಿದ್ದ ಕೂಸಿನ ಪಾತ್ರದ ಹುಡುಗಿ ಅಳುತ್ತ ಕೂತಿದ್ದಳು. ಕಲ್ಲಿನಾಥ ಬಣ್ಣದ ಮುಖ ಹೊತ್ತು ಹಾಗೇ ಮಲಗಿದ್ದ. ಮೈಮೇಲೆ ಒಂದು ತರಚಿದ ಗಾಯವೂ ಇರಲಿಲ್ಲ. ಗುರುಶಾಂತವ್ವ ಅವನ ಮನೆಯ ಹೆಸರು ಹಿಡಿದು ಮೂರು ಸಲವಲ್ಲ, ಮುನ್ನೂರು ಸಲ ಕರೆದಳಂತೆ. ಪರದೆ ಬಿದ್ದಾಗಿತ್ತು.

ನಾಟಕದ ಮನೆಗೆ ಬೀಗ ಬಿತ್ತು. ಹನ್ನೆರಡು ವರ್ಷ ಬೀಗ. ದನ ಕಾಯುವವರು ಕೂಡ ಅದರ ನೆರಳಿನಲ್ಲಿ ಕೂಡುತ್ತಿರಲಿಲ್ಲ.

ಹನ್ನೆರಡನೆಯ ವರ್ಷ ಊರಿನಲ್ಲಿ ಕೂಸುಗಳಿಗೆ ಅಮ್ಮ ಎದ್ದಿತು, ಮೈತುಂಬ ಸಿಡುಬು. ಮನೆಮನೆಯ ಬಾಗಿಲಿಗೂ ಬೇವಿನ ತೊಪ್ಪಲು. ದೇವಿಯ ಮುಂದೆ ಹೇಳಿಕೆ ಕೇಳಿಸಿದರೆ, ನನ್ನ ನಾಟಕ ಎಲ್ಲಿ ಅಂತ ದೇವಿಯೇ ಕೇಳಿದಳು. ನಾಟಕ ಆಡಿಸಲೇಬೇಕಾಯಿತು. ರಾಣಿಗೆ ಆಳು ಸಿಕ್ಕರು, ದೇವಿಗೆ ಸಿಕ್ಕರು, ರಕ್ಕಸನಿಗೂ ಒಬ್ಬ ಎದೆಗಾರ ಸಿಕ್ಕ. ನಾ ಬೀಳಂಗಿಲ್ಲ, ಹಿಂದಿನ ಬಾಗಿಲಲೇ ಓಡಿಹೋಗತೇನಿ ಅಂತ ಕರಾರು ಹಾಕಿದ. ಆದರೆ ಕೂಸಿನ ಪಾತ್ರಕ್ಕೆ ಯಾವ ತಾಯಿ ತನ್ನ ಕೂಸನ್ನು ಕೊಟ್ಟಾಳು? ಆ ಕೂಸು ಮಲಗಲೇಬೇಕಲ್ಲ!

ಊರ ಗೌಡ ದ್ಯಾವನಗೌಡ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಗುರುಶಾಂತವ್ವನ ಮನೆಗೆ ಬಂದ. ಅವಳಿಗೆ ಒಬ್ಬಳೇ ಮಗಳು, ತಂದೆಯ ಮುಖ ಕಾಣದವಳು. ಹೆಸರು ಸಂಗಮ್ಮ, ಮನೆಯಲ್ಲಿ ಕರೆಯುವುದು ಕೆಂಚಿ.

“ಊರ ಸಲುವಾಗಿ ಕೇಳಾಕ ಬಂದೇವಿ, ಶಾಂತವ್ವಾ. ನಿನ್ನ ಮಗಳನ್ನ ಕೂಸಿನ ಪಾತ್ರಕ್ಕ ಕಳಸು.”

“ಯಾಕ್ರೀ ಗೌಡ್ರ, ನಿಮ್ಮ ವಾಡೇದಾಗ ಕೂಸುಗಳಿಲ್ಲೇನು? ನಿನ್ನೆ ನಾಕು ಮಂದಿ ಗೋಲಿ ಆಡೂದು ಕಂಡಿದ್ದೆ.”

“ಅವು ಇನ್ನೂ ಸಣ್ಣವು.”

“ಸಾಯಾಕ ಸಣ್ಣವು, ಗೋಲಿ ಆಡಾಕ ದೊಡ್ಡವು. ತಂದಿ ಇಲ್ಲದ ಕೂಸಾದ್ರ ಕೇಳೋರಿಲ್ಲ ಅಂತ ಬಂದೀರಿ. ನೆಟ್ಟಗ ಹೇಳ್ರಲಾ.”

ಗೌಡನ ಮುಖ ಕೆಂಪಗಾಯಿತು. ಅವನು ಕೆಟ್ಟವನಲ್ಲ, ಹೆದರಿದವನು. ಬೇಡ ಅಂದರೆ ದೇವಿಯ ಮಾತು ಮೀರಿದ ಮನೆ ಅಂತ ಊರು ಅವಳಿಗೆ ಬೆಂಕಿ ನೀರು ಕೊಡುವುದಿಲ್ಲ ಅಂತ ಹೇಳಿ ಎದ್ದುಹೋದ.

ಆ ದಿನ ಗುರುಶಾಂತವ್ವ ಒಲೆ ಹಚ್ಚಲಿಲ್ಲ. ಎದ್ದು ಸೀದಾ ಭರಮವ್ವನ ಗುಡಿಸಲಿಗೆ ಹೋದಳು. ಅಡಿವೆಪ್ಪನ ಹೆಂಡತಿ ಆಗ ಹಣ್ಣು ಮುದುಕಿ. ಕಣ್ಣು ಮಂಜಾಗಿದ್ದವು, ಕೈ ಮಾತ್ರ ಹಗ್ಗ ಹೊಸೆಯುತ್ತಲೇ ಇದ್ದವು. ಪಕ್ಕದ ತಾಟಿನಲ್ಲಿ ಒಂದು ರೊಟ್ಟಿ ಮುಚ್ಚಿಟ್ಟಿತ್ತು. ಗಂಡ ಬಂದು ಉಣ್ಣುತ್ತೇನೆ ಅಂದು ಹೋದ ದಿನದಿಂದ ಅವಳು ದಿನಾ ಒಂದು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳಂತೆ.

ಗುರುಶಾಂತವ್ವ ಅತ್ತು ಎಲ್ಲ ಹೇಳಿದಳು. ನಿನ್ನ ಗಂಡನ ದೆವ್ವ ನನ್ನ ಗಂಡನನ್ನು ತಿಂದಿತು, ಈಗ ಮಗಳನ್ನು ಕೇಳುತ್ತಿದೆ ಅಂದಳು. ಮುದುಕಿಯ ಕೈ ನಿಂತಿತು.

“ಎಂಥಾ ಮಂದೀನಾ ನೀವು? ಕಾಯಾಂವನ್ನ ಕಟ್ಟಿಹಾಕಿ ಕಳ್ಳಗ ಬಾಗಲಾ ತೆಗದ್ರಿ. ಆತ ಸತ್ತ ಮ್ಯಾಲೂ ಹಗ್ಗ ಬಿಟ್ಟಾಂವಲ್ಲ. ನೀವು ಅವನ ಕೈಗೇ ಮೊಳೆ ಹೊಡದ್ರಿ.”

ಗುರುಶಾಂತವ್ವ, ಹಾಗಾದರೆ ಏನು ಮಾಡಲಿ ಆಯೀ ಅಂತ ಕಾಲು ಹಿಡಿದಳು. ಮುದುಕಿ ತಾನು ಹೊಸೆದಿದ್ದ ಹೊಸ ಹಗ್ಗವನ್ನು ಅವಳ ಮಡಿಲಿಗೆ ಹಾಕಿ, ಇದನ್ನು ಪರದೆಗೆ ಕಟ್ಟಿಸು, ನಾಟಕದ ಮುಂಚೆ ಹೋಗಿ ಮೊಳೆ ಕೀಳು ಅಂದಳು. ನಿನ್ನ ಕೂಸು ಎದ್ದ ಮೇಲೆ ಒಂದು ಕೆಲಸ ಮಾಡು ಅಂದಳು.

“ಅವನನ್ನೂ ಕರಿ, ಮಗಳ. ಹೆಸರ ಹಿಡದು ಮೂರು ಸಲ. ಸಾಕು, ಮನಿಗೆ ಬಾ ಅನ್ನು. ರೊಟ್ಟಿ ಆರೇತಿ ಅನ್ನು.”

ಗುರುಶಾಂತವ್ವ ದೇವಿಯ ಆಣೆ ಇಟ್ಟು ಮಾತು ಕೊಟ್ಟಳು.

ನಾಟಕದ ಹಿಂದಿನ ದಿನ ನಡು ಮಧ್ಯಾಹ್ನ ಅವಳು ಕಮ್ಮಾರರ ಇಕ್ಕಳ ಹಿಡಿದು ಒಬ್ಬಳೇ ಒಳಗೆ ಹೋದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಬಾವಿಯೊಳಗಿನ ತಂಪು. ಏಳು ಬೆಳಕಿಂಡಿಯ ಬಿಸಿಲು ಏಳು ಕೋಲಿನ ಹಾಗೆ ನೆಲಕ್ಕೆ ಊರಿತ್ತು. ಬಾವಲಿಯ ಹಿಕ್ಕೆಯ ವಾಸನೆ. ಅವಳು ಶಿವ ಶಿವ ಅನ್ನುತ್ತ ಗೂಟದ ಹತ್ತಿರ ಹೋಗಿ ಇಕ್ಕಳ ಹಾಕಿ ಜಗ್ಗಿದಳು. ಮೊಳೆ ಅಲುಗಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಮೊಳೆ ಕಿರ್ರನೆ ಬಂತು. ಹನ್ನೆರಡು ವರ್ಷದ ಕಬ್ಬಿಣ ತುಕ್ಕು ಹಿಡಿದಿರಬೇಕಲ್ಲ. ಅದು ತೇವವಾಗಿತ್ತು, ಬೆಚ್ಚಗಿತ್ತು.

ಆಗ ಅವಳ ತಲೆಯ ಮೇಲೆ, ಸಡಿಲಾಗಿ ಜೋತುಬಿದ್ದಿದ್ದ ಹೊಸ ಹಗ್ಗ ಮೆಲ್ಲಗೆ ಬಿಗಿಯಾಯಿತು.

ಅದೇ ಹೊತ್ತಿಗೆ ಹಿಂದೆ, ಕೊನೆಯ ಕಂಬದ ಹತ್ತಿರ, ಬಹಳ ಹೊತ್ತು ನಿಂತವರು ಕಾಲು ಬದಲಿಸಿ ನಿಂತ ಹಾಗೆ ಸಪ್ಪಳವಾಯಿತು. ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಬದುಕುತ್ತಿರಲಿಲ್ಲ ಅನ್ನುತ್ತಾರೆ.

ಮರುದಿನ ನಾಟಕ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಅಂತ ಜನ ಕಿಕ್ಕಿರಿದು ಕೂತರು. ಕೊನೆಯ ಕಂಬದ ಸುತ್ತ ಮಾತ್ರ ಬರಿದು. ಶಿದರಾಮ ಹಗ್ಗ ಹಿಡಿದಿದ್ದ. ಆಗಿನ ತಪ್ಪು ತನ್ನದು, ಈ ಸಲ ಗೂಟಕ್ಕೆ ಸುತ್ತುವುದಿಲ್ಲ, ಕೈಯಲ್ಲೇ ಹಿಡಿಯುತ್ತೇನೆ ಅಂತ ಅವನೇ ಕೇಳಿ ಬಂದಿದ್ದ. ಗುರುಶಾಂತವ್ವ ಮುಂದಿನ ಸಾಲಿನಲ್ಲಿ, ಹನ್ನೆರಡು ವರ್ಷದ ಹಿಂದೆ ಕೂತಿದ್ದ ಜಾಗದಲ್ಲೇ ಕೂತಳು.

ಕೆಂಚಿ ಮಲಗಿದಳು. ರಾಣಿ ಹಾಡಿ ಹಾಡಿ ಅತ್ತಳು. ರಕ್ಕಸನನ್ನು ದೇವಿ ಅಟ್ಟಿದಳು. ಅವನು ಕರಾರಿನ ಹಾಗೆ ಹಿಂದಿನ ಬಾಗಿಲಿನಿಂದ ಓಡಿಯೇಬಿಟ್ಟ. ನಗುವ ಧೈರ್ಯ ಯಾರಿಗೂ ಇರಲಿಲ್ಲ. ಬೆಳಕಿಂಡಿಯ ಬಿಸಿಲು ಒಂದೊಂದೇ ಕಂಬ ದಾಟಿ ಕೊನೆಯ ಕಂಬಕ್ಕೆ ಬಂತು.

ಹಗ್ಗ ಹಿಡಿದ ಶಿದರಾಮ ಆ ಬಿಸಿಲಿನ ಹಿಂದೆ ಕಣ್ಣು ಹಾಯಿಸಿದ. ಕಂಬದ ಹತ್ತಿರ ಏನು ಕಂಡನೋ, ಸಾಯುವ ತನಕ ಅವನು ಹೇಳಿದ್ದು ಒಂದೇ ಮಾತು: ನಿಂತಿದ್ದ. ಅವನ ಕೈ ಬಿಟ್ಟಿತು. ಹೋ ಅಂತ ಕೂಗಿ ಓಡಿದ. ರಾಣಿ ಓಡಿದಳು, ದೇವಿ ಓಡಿದಳು. ಜನ ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿಗೆ ನುಗ್ಗಿದರು.

ದಿಂಡು ಸಮೇತ ಪರದೆ ಬೀಳತೊಡಗಿತು.

ಬಿದ್ದೇ ಹೋಯಿತು ಅನ್ನುವಾಗ ನೆಲಕ್ಕೆ ಒಂದು ಗೇಣು ಮೇಲೆ ಗಕ್ಕನೆ ನಿಂತಿತು. ನಿಂತು ನಡುಗಿತು. ಪಕ್ಕದಲ್ಲಿ ಹಗ್ಗ ಯಾರ ಕೈಯಲ್ಲೂ ಇಲ್ಲದೆ ಬಿಲ್ಲಿನ ಹೆದೆಯ ಹಾಗೆ ಬಿಗಿದಿತ್ತು.

ಗುರುಶಾಂತವ್ವ ಓಡಿಹೋಗಿ ಬೋರಲಾಗಿ ಮಲಗಿ ಆ ಗೇಣು ಸಂದಿಯಲ್ಲಿ ಕೈ ತೂರಿಸಿದಳು. ಮಗಳ ಪಾದ ಸಿಕ್ಕಿತು. ತಣ್ಣಗಿತ್ತು.

“ಕೆಂಚೀ!” ಅಂದಳು. ಮೇಲೆ ಹಗ್ಗ ನರಳಿತು. ಗೇಣು ಇದ್ದ ಸಂದಿ ಆರು ಬೆರಳಾಯಿತು.

“ಕೆಂಚೀ, ಏಳವ್ವಾ!” ಸಂದಿ ನಾಲ್ಕು ಬೆರಳಾಯಿತು. ದಿಂಡು ಅವಳ ಮುಂಗೈ ಮುಟ್ಟಿತು. ಹಿಂದಿನ ಕಂಬದ ಕಡೆಯಿಂದ ಹೆಜ್ಜೆಯ ಸಪ್ಪಳ ಸುರುವಾಗಿತ್ತು. ಒಂದೊಂದೇ ಹೆಜ್ಜೆ, ಅವಸರವಿಲ್ಲದ ಹೆಜ್ಜೆ.

“ಅಡಿವೆಪ್ಪಣ್ಣಾ, ಬಿಡಬ್ಯಾಡೋ! ಕೆಂಚೀ, ಮನಿಗೆ ಹೋಗೂಣು ಏಳವ್ವಾ, ರೊಟ್ಟಿ ಆರತಾವು!”

ಅವಳ ಕೈಯೊಳಗೆ ಪಾದದ ಹೆಬ್ಬೆರಳು ಅಲುಗಿತು. ಹೆಜ್ಜೆಯ ಸಪ್ಪಳ ಅವಳ ಬೆನ್ನ ಹಿಂದೆಯೇ ನಿಂತಿತು, ಸ್ವಲ್ಪ ಹೊತ್ತು ನಿಂತು, ಹಿಂದಕ್ಕೆ ಹೋಯಿತು. ಪರದೆ ತಾನಾಗಿ ಆಳೆತ್ತರ ಮೇಲೇರಿತು. ಕೆಂಚಿ ಕಣ್ಣುಜ್ಜುತ್ತ ಎದ್ದು ಕೂತಿದ್ದಳು. ಅವ್ವಾ, ನನ್ನ ತಲೆಯ ಹತ್ತಿರ ಯಾರೋ ಭಾರ ಹೊತ್ತವರ ಹಾಗೆ ಏದುಸಿರು ಬಿಡುತ್ತಿದ್ದರು ಅಂದಳಂತೆ.

ಓಡಿದವರೆಲ್ಲ ಓಡಿದ್ದರು. ಮೊಣಕಾಲು ಹಿಡಿದು ಏಳಲಾರದೆ ಕೂತಿದ್ದ ದ್ಯಾವನಗೌಡ, ಕೂಸು ಹೊತ್ತಿದ್ದ ಮೂರು ಹೆಂಗಸರು, ಇಷ್ಟೇ ಮಂದಿ ಒಡಕು ದನಿಯಲ್ಲಿ ಮಂಗಳ ಹಾಡಿದರು.

ಇನ್ನು ಒಂದೇ ಕೆಲಸ ಉಳಿದಿತ್ತು. ಗುರುಶಾಂತವ್ವ ಮಗಳನ್ನು ತಬ್ಬಿಕೊಂಡು ಆ ಬಿಗಿದ ಹಗ್ಗದ ಮುಂದೆ ನಿಂತಳು. ಹಗ್ಗದ ಮೇಲೆ ಎರಡು ಮುಷ್ಟಿಯ ತೇವ ಹೊಳೆಯುತ್ತಿತ್ತು.

“ಅಡಿವೆಪ್ಪಣ್ಣಾ,” ಅಂದಳು. ಹಗ್ಗ ಸ್ವಲ್ಪ ಸಡಿಲಾಯಿತು.

“ಅಡಿವೆಪ್ಪಣ್ಣಾ,” ಅಂದಳು. ಇನ್ನಷ್ಟು ಸಡಿಲಾಯಿತು, ದಣಿದವನು ಹೊರೆ ಇಳಿಸಲು ಬಗ್ಗಿದ ಹಾಗೆ.

ಹಿಂದಿನಿಂದ ಗೌಡ, “ಕರೀಬ್ಯಾಡ, ಶಾಂತವ್ವಾ. ಆತ ಹೋದ್ರ ಮುಂದಿನ ವರ್ಷ ಹಿಡಿಯೋರು ಯಾರು?” ಅಂದ.

ಗುರುಶಾಂತವ್ವನಿಗೆ ಭರಮವ್ವನ ಮುಖ ನೆನಪಾಯಿತು, ಇಟ್ಟ ಆಣೆ ನೆನಪಾಯಿತು. ಆದರೆ ಕುತ್ತಿಗೆಗೆ ಮಗಳ ಕೈ ಬಿಗಿದಿತ್ತು. ಆ ಕೈ ಇನ್ನೂ ಪೂರ್ತಿ ಬೆಚ್ಚಗಾಗಿರಲಿಲ್ಲ. ಕೊನೆಯ ಕಂಬದ ಹತ್ತಿರ ಬಿಸಿಲು ಹೋಗಿ ಕತ್ತಲೆ ತುಂಬುತ್ತಿತ್ತು. ಮೂರನೆಯ ಸಲ ಬಾಯಿ ತೆರೆದಾಗ ಅವಳು ಹೆಸರು ಹೇಳಲಿಲ್ಲ.

“ಇದೊಂದು ವರ್ಷ ಹಿಡಿಯಪಾ,” ಅಂದಳು. “ಇದೊಂದೇ ವರ್ಷ.”

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಗ್ಗ ಮತ್ತೆ ಬಿಗಿಯಾಯಿತು. ಪರದೆ ತೊಟ್ಟಿಲಿಗೆ ಕೂಸು ಹಾಕಿದ ಹಾಗೆ ಮೆಲ್ಲಗೆ, ಬಹಳ ಮೆಲ್ಲಗೆ ಇಳಿಯಿತು.

ಗುಡಿಸಲಿನ ಬಾಗಿಲಲ್ಲಿ ಭರಮವ್ವ ತಾಟು ಹಿಡಿದು ಕೂತಿದ್ದಳು. ಹೆಜ್ಜೆಯ ಸಪ್ಪಳ ಕೇಳಿ ಮುಖ ಎತ್ತಿ, “ಕರದ್ಯಾ?” ಅಂದಳು.

ಗುರುಶಾಂತವ್ವ ಬಂದು ಅವಳ ಮುಂದೆ ಕುಕ್ಕರಿಸಿದಳು. ಮುದುಕಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. ಬಂದದ್ದು ಎಷ್ಟು ಜನರ ಹೆಜ್ಜೆ ಅಂತ ಅವಳಿಗೆ ಗೊತ್ತಾಯಿತು. ಬೈಯಲಿಲ್ಲ, ಅಳಲಿಲ್ಲ. ತಾಟಿನ ರೊಟ್ಟಿಯನ್ನು ತೆಗೆದು ಗುರುಶಾಂತವ್ವನ ಕೈಗೆ ಇಟ್ಟಳು.

“ಹಂಗಾದ್ರ ಅಲ್ಲೇ ಒಯ್ದು ಕೊಡು. ಹಸದಿರತಾನ.”

ಕಪ್ಪರಗಟ್ಟಿಯ ನಾಟಕದ ಮನೆ ಈಗಲೂ ಇದೆ. ಹೆಂಚು ಬದಲಾಗಿದೆ, ಕಂಬ ಅವೇ. ಸುಗ್ಗಿ ಮುಗಿದ ಮೇಲೆ ಈಗಲೂ ಹಗಲಿಗೇ ನಾಟಕ. ಪರದೆಗೆ ಪ್ರತಿ ವರ್ಷ ಹೊಸ ಪುಂಡಿ ಹಗ್ಗ. ಜಾಲಿಯ ಗೂಟದ ಬುಡದಲ್ಲಿ, ಗುರುಶಾಂತವ್ವನ ವಂಶದ ಮನೆಯಿಂದ ಬಂದ ಒಂದು ಬಿಸಿ ರೊಟ್ಟಿ, ಅಂಗೈಗೆ ಹಚ್ಚಿಕೊಳ್ಳಲು ಒಂದು ಬಟ್ಟಲು ಔಡಲ ಎಣ್ಣೆ. ಅತ್ತ ಕಡೆ ಯಾರೂ ನೋಡುವುದಿಲ್ಲ. ಮಲಗಿದವರನ್ನು ಮನೆಯ ಹೆಸರು ಹಿಡಿದು ಕರೆಯುತ್ತಾರೆ, ಅವರು ಏಳುತ್ತಾರೆ, ಮಂಗಳವಾಗುತ್ತದೆ. ಆಮೇಲೆ ಊರ ಹಿರಿಯನೊಬ್ಬ ಎದ್ದು, ತಲೆ ತಗ್ಗಿಸಿ, ಹಗ್ಗದ ಕಡೆ ಕೈ ಮುಗಿದು ಎರಡು ಸಲ ಹೆಸರು ಹೇಳುತ್ತಾನೆ. ಮೂರನೆಯದು ಹೇಳುವುದಿಲ್ಲ.

ಇದೊಂದು ವರ್ಷ ಹಿಡಿಯಪಾ ಅನ್ನುತ್ತಾನೆ.

ಹೋದ ವರ್ಷವೂ ಹಾಗೇ ಅಂದರಂತೆ.